ಮೂರೂಕಾಲು ಮಂದಿಯ ಬ್ಯಾಂಡು

"ಈ ಬ್ಯಾಂಡಿನ ಹುಡುಗರು ಇನ್ನೊಂದು ವರ್ಷದಲ್ಲಿ ಕೈಗೇ ಸಿಗಲ್ಲ ಕಣೋ, ಈಗಲೇ ನೋಡಿಬಿಡು" ಎಂದು ಗೆಳೆಯ ನನ್ನನ್ನು ಇಂದಿರಾನಗರದ ಪಬ್ಬೊಂದಕ್ಕೆ ಎಳೆದೊಯ್ದ. ಎಂಟಕ್ಕೆ ಶುರು ಎಂದಿದ್ದರು. ಒಂಬತ್ತರವರೆಗೂ ಕೇಳಿದ್ದು ಬರೀ "ಚೆಕ್, ಚೆಕ್, ಒನ್, ಟೂ". ಅದೇ ಮೊದಲ ಹಾಡಿರಬೇಕೆಂದು ನಾನು ತಲೆದೂಗಿ ಚಪ್ಪಾಳೆಯನ್ನೂ ತಟ್ಟಿದೆ. ಡ್ರಮ್ಮಿನವನು ಪಾಪ, ಕೈಮುಗಿದ.

ನಮ್ಮಿಬ್ಬರನ್ನೂ ಸೇರಿಸಿ ಪ್ರೇಕ್ಷಕರು ಹನ್ನೊಂದು. ಅದರಲ್ಲಿ ನಾಲ್ವರು ಗಿಟಾರಿನವನ ಮನೆಯವರೇ. ಅವನು ಕಣ್ಣು ಮುಚ್ಚಿ, ಕೂದಲು ಕೆದರಿ, ಲೋಕದ ನೋವನ್ನೆಲ್ಲ ತಂತಿಯ ಮೇಲೆ ಎಳೆಯುತ್ತಿದ್ದರೆ, ಮುಂದಿನ ಸಾಲಿನಲ್ಲಿ ಮೊಬೈಲ್ ಹಿಡಿದಿದ್ದ ಅಮ್ಮ, "ಕೂದಲು ಹಿಂದಕ್ಕೆ ಹಾಕ್ಕೋ ಮಗಾ, ಮುಖಾನೇ ಕಾಣ್ತಿಲ್ಲ" ಎಂದರು. ಲೋಕದ ನೋವು ಅಲ್ಲಿಗೇ ನಿಂತಿತು.

ಗೆಳೆಯನ ಬಳಿ ಊರಿನ ಬ್ಯಾಂಡುಗಳ ಇತಿಹಾಸವೂ ಇತ್ತು. ಬೆಂಗಳೂರಿನ 'ಥರ್ಮಲ್ ಅಂಡ್ ಎ ಕ್ವಾರ್ಟರ್' 1996ರಲ್ಲಿ ಶುರುವಾದಾಗ ತಂಡದಲ್ಲಿ ಮೂವರು ಪೂರ್ತಿ ಮಲಯಾಳಿಗಳು, ಒಬ್ಬ ಕಾಲುಭಾಗ ಮಲಯಾಳಿಯಂತೆ. 'ಥ್ರೀ ಮಲ್'ಗೆ ಕಾಲು ಸೇರಿ ಆ ಹೆಸರು! ಗಾಯಕ ರಘು ದೀಕ್ಷಿತರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಅವರೂ ಅದಕ್ಕೆ ಮೊದಲು ಬಹಳ ವರ್ಷ ವೇದಿಕೆ ಸವೆಸಿದವರೇ.

ಕೊನೆಯ ಹಾಡು ಕನ್ನಡದ್ದು. ನಿಜಕ್ಕೂ ಚೆನ್ನಾಗಿತ್ತು. ಈ ಸಲ ಚಪ್ಪಾಳೆ ಸರಿಯಾದ ಜಾಗದಲ್ಲೇ ಬಿತ್ತು.

ಮುಂದಿನ ಶನಿವಾರ ನೀವೂ ಬನ್ನಿ. ಪ್ರೇಕ್ಷಕರು ಒಂದು ಡಜನ್ ಆಗುತ್ತಾರೆ.