ಮಾವ ಮತ್ತು ಹನ್ನೊಂದು ಬಾಟಲಿ

ಮೈಸೂರಿನಲ್ಲೇ ಹುಟ್ಟಿ ಬೆಳೆದರೂ ನಾನು ಅರಮನೆಯ ಒಳಗೆ ಹೋದದ್ದು ನಾಲ್ಕೇ ಸಲ. ನಾಲ್ಕೂ ಸಲ ನೆಂಟರು ಬಂದಿದ್ದರು. ನಮ್ಮೂರಿನವರಿಗೆ ಅರಮನೆ ಎಂದರೆ ಸಿಟಿ ಬಸ್ಸು ಸುತ್ತಿ ಹೋಗುವ ಒಂದು ದೊಡ್ಡ ಕಾಂಪೌಂಡು. ಎಂ.ಎಸ್. ಓದಲು ಜರ್ಮನಿಯ ಆಖೆನ್‌ಗೆ ಬಂದ ಮೇಲೂ ಈ ಬುದ್ಧಿ ಬಿಡಲಿಲ್ಲ. ಹನ್ನೆರಡು ನೂರು ವರ್ಷ ಹಳೆಯ ಕೆಥೆಡ್ರಲ್ಲು ಊರ ನಡುವೆ ನಿಂತಿದೆ. ಜನ ಎಲ್ಲಿಂದಲೋ ಬಂದು ಕತ್ತು ನೋಯುವಷ್ಟು ಹೊತ್ತು ನೋಡುತ್ತಾರೆ. ನಾನು ಒಂದೂವರೆ ವರ್ಷ ಅದೇ ಜನರ ನಡುವೆ ಐದು ಕಿಲೋ ಅಕ್ಕಿಚೀಲ ಹೊತ್ತುಕೊಂಡು, ದಾರಿ ಬಿಡ್ರಪ್ಪಾ ಎಂದು ಮನಸ್ಸಿನಲ್ಲೇ ಗೊಣಗುತ್ತ ಓಡಾಡಿದೆ.

ವಿದೇಶದಲ್ಲಿ ಓದುತ್ತಾನೆ, ಎಷ್ಟೆಲ್ಲ ನೋಡಿರಬೇಕು ಎಂದು ಊರಲ್ಲಿ ಅಂದುಕೊಂಡಿರುತ್ತಾರೆ. ನಾನು ನೋಡಿದ್ದು ಹನ್ನೆರಡು ಚದರ ಮೀಟರಿನ ಕೋಣೆ, ಎಂಟು ಜನಕ್ಕೆ ಒಂದೇ ಅಡುಗೆಮನೆ, ಬಟ್ಟೆ ಒಗೆಯುವ ಮಿಷನ್ನಿನ ಮುಂದಿನ ಸರದಿ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ ಎಂಬುದು ನನಗೆ ಸರಿಯಾಗಿ ಭಾನುವಾರ ಬೆಳಿಗ್ಗೆಯೇ ನೆನಪಾಗುತ್ತಿತ್ತು.

ಹೀಗಿರುವಾಗ ಸೋದರಮಾವ ಮತ್ತು ಅತ್ತೆ ಯೂರೋಪಿನ ಪ್ಯಾಕೇಜ್ ಟೂರಿಗೆ ಬಂದರು. ಮಾವ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಕಲೋನ್‌ನಲ್ಲಿ ಗುಂಪು ಬಿಟ್ಟು ಮೂರು ದಿನ ನನ್ನಲ್ಲಿಗೆ ಬರುತ್ತೇವೆ ಎಂದಾಗ ಫೋನಿನಲ್ಲಿ ಒಂದೇ ಮಾತು ಹೇಳಿದೆ: "ಮಾವ, ಜರ್ಮನಿಯಲ್ಲಿ ಕುಡಿದ ನೀರಿನ ಬಾಟಲಿ ಎಸೀಬೇಡಿ, ತನ್ನಿ."

ಕಾರಣ ಸರಳ. 2003ರಿಂದ ಇಲ್ಲಿ ಪ್ಲಾಸ್ಟಿಕ್ ಬಾಟಲಿಯ ಮೇಲೆ 25 ಸೆಂಟ್ ಠೇವಣಿ. ಫಾಂಡ್ ಅನ್ನುತ್ತಾರೆ. ನೀರು ಕೊಳ್ಳುವಾಗಲೇ ಅದನ್ನೂ ಕಿತ್ತುಕೊಂಡಿರುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯ ಮಿಷನ್ನಿಗೆ ಹಾಕಿದರೆ ವಾಪಸು. ಯೂರೋಗೆ ನೂರು ರೂಪಾಯಿ ಲೆಕ್ಕ ಹಿಡಿದರೆ ಬಾಟಲಿಗೆ ಇಪ್ಪತ್ತೈದು ರೂಪಾಯಿ. ತಿಂಗಳ ಕೊನೆಯಲ್ಲಿ ನನ್ನಂಥವರ ಬ್ರೆಡ್ಡು ಈ ಖಾಲಿ ಬಾಟಲಿಗಳ ಮೇಲೆಯೇ ನಿಂತಿರುತ್ತದೆ.

ಶುಕ್ರವಾರ ರಾತ್ರಿ ಇಬ್ಬರೂ ಬಂದರು. ಅತ್ತೆಯ ಚೀಲದಿಂದ ಸಾರಿನ ಪುಡಿ, ಚಟ್ನಿಪುಡಿ, ಕೋಡುಬಳೆ ಇಳಿದವು. ಮಾವನ ಚೀಲ ಮೂಲೆಯಲ್ಲಿ ಹಾಗೇ ಕೂತಿತು. "ಬಾಟಲಿ ತಂದಿದೀನಿ, ಒಟ್ಟು ಹನ್ನೊಂದು. ಜಾಗ ಹಿಡೀದಂತೆ ತಂದಿದೀನಿ" ಎಂದು ಮಾವ ಹೆಮ್ಮೆಯಿಂದ ಹೇಳಿದರು. ಜಾಗ ಹಿಡಿಯದಂತೆ ಎಂದರೆ ಹೇಗೆ ಎಂದು ನಾನು ಆಗಲೇ ಕೇಳಬೇಕಿತ್ತು.

ಶನಿವಾರ ಊರು ತೋರಿಸಲು ಹೊರಟೆ. ಮೊದಲು ಎಲಿಜೆನ್‌ಬ್ರುನ್ನೆನ್. ಬಿಸಿನೀರಿನ ಬುಗ್ಗೆಯ ಮುಂದೆ 1827ರಲ್ಲಿ ಕಟ್ಟಿದ ಕಂಬಗಳ ಮಂಟಪ ಅದು. ನೀರಿಗೆ ಗಂಧಕದ ವಾಸನೆ, ಅಂದರೆ ಕೊಳೆತ ಮೊಟ್ಟೆಯದು. ಹುಟ್ಟಾ ಸಸ್ಯಾಹಾರಿ ಅತ್ತೆ ಸೆರಗು ಮೂಗಿಗೆ ಹಿಡಿದು ಬೀದಿಯ ಆಚೆ ಬದಿಗೆ ಹೋಗಿ ನಿಂತರು. ಮಾವ ಮಾತ್ರ ಬೋರ್ಡು ಓದಿಸಿಕೊಂಡರು. ಕುಡಿಯಬಾರದು ಅಂತಿದೆ ಎಂದೆ. "ತಲೆ ಮೇಲೆ ಪ್ರೋಕ್ಷಣೆ ಮಾಡ್ಕೋಬಾರದು ಅಂತ ಇಲ್ಲವಲ್ಲ" ಎಂದು ಬೊಗಸೆ ಹಿಡಿದರು. ಮೇಷ್ಟ್ರು ಯಾವತ್ತೂ ನಿಯಮ ಮುರಿಯುವವರಲ್ಲ.

ಕೆಥೆಡ್ರಲ್ಲಿನ ಕಂಚಿನ ಬಾಗಿಲಿನ ಮುಂದೆ ನಾನೂ ಅವರಂತೆಯೇ ಹೊಸಬ. ಹಿಂದಿನ ರಾತ್ರಿ ಓದಿಕೊಂಡದ್ದನ್ನು ಹುಟ್ಟಿನಿಂದ ಬಲ್ಲವನಂತೆ ಹೇಳಿದೆ. ಚರ್ಚು ಕಟ್ಟಲು ದುಡ್ಡು ಸಾಲದೆ ಊರವರು ಸೈತಾನನ ಹತ್ತಿರ ಸಾಲ ಮಾಡಿದರಂತೆ. ಮೊದಲು ಒಳಗೆ ಬಂದ ಜೀವ ನನ್ನದು ಎಂದನಂತೆ ಅವನು. ಇವರು ಒಂದು ತೋಳವನ್ನು ಹಿಡಿದು ಒಳಗೆ ನುಗ್ಗಿಸಿದರು. ಸಿಟ್ಟಿನಲ್ಲಿ ಸೈತಾನ ಬಾಗಿಲು ಬಡಿದ, ಹೆಬ್ಬೆರಳು ಸಿಕ್ಕಿಕೊಂಡು ಕಿತ್ತುಹೋಯಿತು. ಬಾಗಿಲ ಮೇಲಿನ ಸಿಂಹದ ಬಾಯಲ್ಲಿ ಕೈಯಿಟ್ಟರೆ ಅದು ಈಗಲೂ ತಗಲುತ್ತದೆ. ಮಾವ ಕೈಯಿಟ್ಟು, "ಹ್ಞೂಂ, ಇದೆ" ಎಂದು ಹಾಜರಿ ಹಾಕಿದರು.

ಮಹಡಿಯ ಮೇಲೆ ಕಾರ್ಲ್ ಮಹಾಶಯನ ಸಿಂಹಾಸನ. ಇಂಗ್ಲಿಷಿನಲ್ಲಿ ಶಾರ್ಲ್‌ಮೇನ್. 814ರಲ್ಲಿ ತೀರಿಕೊಂಡ ಚಕ್ರವರ್ತಿ; ಅವನ ನಂತರ 936ರಿಂದ 1531ರವರೆಗೆ ಮೂವತ್ತೊಂದು ರಾಜರಿಗೆ ಈ ಊರಲ್ಲಿ ಪಟ್ಟವಾಯಿತು. ಮೈಸೂರಿನ ರತ್ನಸಿಂಹಾಸನ ಕಂಡವರಿಗೆ ಇದು ಸಿಂಹಾಸನ ಎನ್ನಿಸುವುದು ಕಷ್ಟ. ನಾಲ್ಕು ಅಮೃತಶಿಲೆಯ ಚಪ್ಪಡಿ ಜೋಡಿಸಿದ ಕುರ್ಚಿ, ಅಷ್ಟೆ. ಮಾವನ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಗೈಡ್ ಹೆಂಗಸು ಪಕ್ಕದ ಚಪ್ಪಡಿಯ ಮೇಲಿನ ಗೀರುಗಳತ್ತ ಬೆರಳು ತೋರಿಸಿದಳು. ಒಂದರೊಳಗೊಂದು ಚೌಕ, ನಡುನಡುವೆ ಗೆರೆ. ಸಿಂಹಾಸನವಾಗುವ ಮೊದಲು ಆ ಕಲ್ಲು ಬೇರೆಲ್ಲೋ ಇದ್ದಾಗ ಯಾರೋ ಆಟಕ್ಕೆ ಗೀಚಿದ್ದು.

"ಲೋ, ಸಾಲುಮನೆ ಕಣೋ ಇದು!" ಮಾವ ಕೂಗಿದ್ದು ಗುಮ್ಮಟದವರೆಗೆ ಹೋಗಿ ವಾಪಸು ಬಂತು. ನಮ್ಮ ದೇವಸ್ಥಾನಗಳ ಜಗಲಿಗಳಲ್ಲಿ ಕೆತ್ತಿರುವ ಅದೇ ಮನೆ. ಹುಣಿಸೆಬೀಜ ಇದ್ದಿದ್ದರೆ ಹಗ್ಗ ದಾಟಿ ಅಲ್ಲೇ ಕೂತುಬಿಡುತ್ತಿದ್ದರೇನೋ. ಮೂರು ಕಾಯಿ ಸಾಲಾದರೆ ಎದುರಾಳಿಯದೊಂದು ಹೊಡೆಯುವುದನ್ನು ಗೈಡಿಗೆ ಕನ್ನಡದಲ್ಲೇ ವಿವರಿಸಿದರು. ಆಕೆ ತಲೆಯಾಡಿಸಿದಳು, ಅಲ್ಲಿಯ ನಿಯಮವೂ ಅದೇ.

ಸಂಜೆ ಸೂಪರ್‌ಮಾರ್ಕೆಟ್ಟಿನಲ್ಲಿ ಮಾವನ ಚೀಲ ಬಿಚ್ಚಿದೆ. ಹನ್ನೊಂದೂ ಬಾಟಲಿ ಹಪ್ಪಳದ ಹಾಗೆ ಚಪ್ಪಟೆ! ಬಳಸಿದ ಮೇಲೆ ಬಾಟಲಿಯನ್ನು ಜಜ್ಜಿ ಎಂದು ನಮ್ಮ ದೇಶದಲ್ಲಿ ಲೇಬಲ್ಲಿನ ಮೇಲೇ ಅಚ್ಚು ಹಾಕಿರುತ್ತಾರಲ್ಲ. ಆ ಅಪ್ಪಣೆಯನ್ನು ಭಾರತದಲ್ಲಿ ಅಕ್ಷರಶಃ ಪಾಲಿಸುವ ಒಬ್ಬರೇ ವ್ಯಕ್ತಿ ನಮ್ಮ ಮಾವ. ಈ ಮಿಷನ್ನಿಗೆ ಬಾರ್‌ಕೋಡ್ ಓದಲು ಬಾಟಲಿ ದುಂಡಗಿರಬೇಕು. ಮೊದಲನೆಯದನ್ನು ಗಿರಗಿರ ತಿರುಗಿಸಿ ನೋಡಿ ಉಗುಳಿತು. ಎರಡನೆಯದನ್ನೂ. ಹಿಂದೆ ಸಾಲು ಬೆಳೆಯಿತು. ಬಿಯರ್ ಬಾಟಲಿಗಳ ಕ್ರೇಟು ಹಿಡಿದ ಅಜ್ಜಿಯೊಬ್ಬಳು ನಿಟ್ಟುಸಿರು ಬಿಟ್ಟಳು.

"ಸೈತಾನನಿಗೇ ಟೋಪಿ ಹಾಕಿದ ಊರು ಕಣ್ರೀ ಇದು. ನಿಮ್ಮನ್ನ ಬಿಡುತ್ತಾ?" ಎಂದರು ಅತ್ತೆ.

ಪಕ್ಕಕ್ಕೆ ಸರಿದು ಮೂವರೂ ಊದಲು ಕೂತೆವು. ಬಾಯಿಟ್ಟು ಉಸಿರು ತುಂಬಿದರೆ ಬಾಟಲಿ ಪಟಪಟ ಸದ್ದು ಮಾಡುತ್ತ ಎದ್ದು ನಿಲ್ಲುತ್ತದೆ, ಸೊಂಟ ಮಾತ್ರ ವಕ್ರ. ಮಾವನ ಕಿವಿ ಕೆಂಪಾಯಿತು. ಅರ್ಧ ಗಂಟೆಯಲ್ಲಿ ಏಳಕ್ಕೆ ಜೀವ ಬಂತು, ನಾಲ್ಕು ಬದುಕಲಿಲ್ಲ. ಗಳಿಕೆ ಒಂದು ಯೂರೋ ಎಪ್ಪತ್ತೈದು ಸೆಂಟ್.

ಭಾನುವಾರ ಪಕ್ಕದ ಡಚ್ ಊರು ವಾಲ್ಸ್‌ಗೆ ಹೋದೆವು. ಅಲ್ಲಿನ ಗುಡ್ಡದ ಮೇಲೆ ಜರ್ಮನಿ, ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಸೇರುವ ಕಲ್ಲಿದೆ. ಎತ್ತರ 322 ಮೀಟರ್, ನಮ್ಮ ಚಾಮುಂಡಿ ಬೆಟ್ಟದ ಮೂರನೇ ಒಂದು ಭಾಗವೂ ಇಲ್ಲ. ಸೀಮೆಸುಣ್ಣದಲ್ಲಿ ಗಡಿ ಗೀಚಿಯೇ ಆಯುಷ್ಯ ಕಳೆದ ಮಾವ ಕಲ್ಲಿನ ಸುತ್ತ ಪ್ರದಕ್ಷಿಣೆ ಹಾಕಿ ನಿಮಿಷದಲ್ಲಿ ಮೂರು ದೇಶ ಮುಗಿಸಿದರು. 1920ರವರೆಗೆ ಇಲ್ಲಿ ನ್ಯೂಟ್ರಲ್ ಮೊರೆಸ್ನೆಟ್ ಎಂಬ, ಯಾರಿಗೂ ಸೇರದ ಮೂರೂವರೆ ಚದರ ಕಿಲೋಮೀಟರಿನ ನಾಲ್ಕನೆಯ ತುಂಡೂ ಕೂಡುತ್ತಿತ್ತು ಎಂದೆ. "ಛೆ, ಒಂದು ತಪ್ಪಿಹೋಯ್ತು" ಎಂದರು, ಕೊನೆಯ ಬಸ್ಸು ತಪ್ಪಿದವರಂತೆ.

ಸೋಮವಾರ ರೈಲು ಹತ್ತುವ ಮುಂಚೆ ಮಾವ ಒಂದು ಬಾಟಲಿ ಕೈಗಿಟ್ಟರು. ದುಂಡಗೆ, ಒಂದು ಮಡಿಕೆಯೂ ಇಲ್ಲದೆ. "ನೋಡು, ಮುಟ್ಟಿಲ್ಲ." ಅಂಗಡಿಗೆ ಒಯ್ದರೆ ಮಿಷನ್ನು ಮತ್ತೆ ಉಗುಳಿತು. ಲೇಬಲ್ ಡಚ್ಚಿನದು, ವಾಲ್ಸ್‌ನಲ್ಲಿ ಕೊಂಡದ್ದು. ಠೇವಣಿ ಅಲ್ಲೂ ಇದೆ, 15 ಸೆಂಟ್. ಆದರೆ ಅಲ್ಲಿಗೇ ಹೋಗಿ ಪಡೆಯಬೇಕು.

ಎಸೆಯಲು ಮನಸ್ಸಾಗಲಿಲ್ಲ. ಮುಂದಿನ ಶನಿವಾರ ಸೈಕಲ್ ಹತ್ತಿ, ಒಂದೇ ಬಾಟಲಿಯೊಂದಿಗೆ ದೇಶ ದಾಟಿದೆ. ಮಿಷನ್ನು ಗೊಣಗದೆ ನುಂಗಿ ಚೀಟಿ ಕೊಟ್ಟಿತು. ದಾಹಕ್ಕೆ ಮೂರು ಯೂರೋ ಕಾಫಿ ಕುಡಿದು, ಚೀಟಿಯ ಫೋಟೊ ಮಾವನಿಗೆ ಕಳಿಸಿದೆ.

ಐದು ನಿಮಿಷಕ್ಕೆ ಉತ್ತರ ಬಂತು: "ಆ ನಾಲ್ಕು ಊದಿ ನೋಡಿದೆಯಾ?"