ಫೋಲ್ಡರಿನ ಹೆಸರು ‘ಬಾಗೇವಾಡಿ ಸರ್’

ಬೆಂಗಳೂರಿನಲ್ಲಿ ನಿವೃತ್ತಿಯಾದ ಲ್ಯಾಪ್‌ಟಾಪುಗಳು ನಮ್ಮ ಕಡೆ ಬಂದು ಮತ್ತೆ ನೌಕರಿಗೆ ಹಾಜರಾಗುತ್ತವೆ. 2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ಬಂದಾಗ ಕೆಲವು ಕರಾರುಗಳನ್ನು ಜತೆಗೇ ತಂದಿತ್ತು. ಇಂಟೆಲ್ ಚಿಪ್ ಆದರೆ ಎಂಟನೆಯ ಪೀಳಿಗೆಯದೋ ಅದರ ಈಚಿನದೋ ಆಗಿರಬೇಕು, ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು ಇರಬೇಕು. ಇತ್ತ ವಿಂಡೋಸ್ 10ರ ಸೇವೆಯೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೀಗಾಗಿ ಕೈಕಾಲು ಗಟ್ಟಿ ಇದ್ದೂ ಹುಟ್ಟಿದ ವರ್ಷ ಸರಿಯಿಲ್ಲದ ಯಂತ್ರಗಳು ಕಂಪನಿಗಳ ಬಾಗಿಲು ದಾಟಿ ಎಸ್.ಪಿ. ರೋಡಿಗೆ ಬೀಳುತ್ತವೆ. ಅಲ್ಲಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಭೀಮೆ ಕೃಷ್ಣೆಯರ ನಡುವೆ ಎಲ್ಲೋ ಇಳಿಯುತ್ತವೆ.

ನನ್ನದು ಬಂದದ್ದು ಲಿಂಬೆಹಣ್ಣಿನ ದಾರಿಯಿಂದ. ಇಂಡಿಯಲ್ಲಿರುವ ನಮ್ಮ ಅಕ್ಕನ ಗಂಡ, ಅಂದರೆ ಮಾಮಾ, ಲಿಂಬೆಯ ವ್ಯಾಪಾರಿ. ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕಮೇಲಂತೂ ಮಾಮಾ ತಾವೇ ಅದನ್ನು ಕೊರಳಿಗೆ ಕಟ್ಟಿಕೊಂಡವರ ಹಾಗೆ ಓಡಾಡುತ್ತಾರೆ. ಹಣ್ಣು ಹೇರಿಕೊಂಡು ಬೆಂಗಳೂರಿಗೆ ಹೋದವರು ಬರುವಾಗ ಖಾಲಿ ಚೀಲದಲ್ಲಿ ಲ್ಯಾಪ್‌ಟಾಪು ಸುತ್ತಿಕೊಂಡು ಬಂದರು. ‘ಹೊಸಾದ ಇದ್ದಂಗ ಅದ ನೋಡು. ಒಂದ ಕೈ ಬಳಸಿದ್ದು’ ಎಂದು ಬಸವನ ಬಾಗೇವಾಡಿಯ ನಮ್ಮ ಮನೆಯ ಕಟ್ಟೆಯ ಮೇಲೆ ಇಟ್ಟರು. ಆ ಒಂದು ಕೈ ‘ಎ’ ಮತ್ತು ‘ಎಸ್’ ಅಕ್ಷರಗಳನ್ನು ಪೂರ್ತಿ ಅಳಿಸಿತ್ತು. ಕೆಲವು ದಿನ ಅದರ ಫ್ಯಾನಿನಿಂದ ಬಿಸಿಗಾಳಿಯ ಜತೆ ಲಿಂಬೆಯ ಘಮವೂ ಬರುತ್ತಿತ್ತು. ದೃಷ್ಟಿ ತೆಗೆಯುವ ಖರ್ಚು ಉಳಿಯಿತೆಂದು ಹೆಂಡತಿ ಸಂತೋಷಪಟ್ಟಳು.

ಯಂತ್ರ ಚೆನ್ನಾಗಿಯೇ ಇತ್ತು. ಆದರೆ ಹಿಂದಿನ ಜನ್ಮ ಮರೆತಿರಲಿಲ್ಲ. ಸೋಮವಾರ ನಾಲ್ಕು ಗಂಟೆಯಾಗುತ್ತಿದ್ದಂತೆ ಮೂಲೆಯಿಂದ ಒಂದು ಚೀಟಿ ಜಾರಿ ಬಂದು ರಿವ್ಯೂ ಮೀಟಿಂಗಿಗೆ ಹದಿನೈದು ನಿಮಿಷ ಉಳಿದಿದೆ ಎಂದು ಹೇಳುತ್ತಿತ್ತು. ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಎಂಟನೆಯ ತರಗತಿಯ ಸಂಧಿ ಸಮಾಸ ತಿದ್ದುವ ನನಗೆ ಆ ಹದಿನೈದು ನಿಮಿಷ ವಿನಾಕಾರಣ ಎದೆ ಹೊಡೆದುಕೊಳ್ಳುತ್ತಿತ್ತು. ಗೋಡೆಯ ಚಿತ್ರ ಬದಲಿಸಹೋದರೆ ‘ಇದನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತದೆ’ ಎಂಬ ಎಚ್ಚರಿಕೆ. ನಮ್ಮ ಸಂಸ್ಥೆಯೆಂದರೆ ಎಸ್‌ಡಿಎಂಸಿ, ಶಾಲೆಯ ಉಸ್ತುವಾರಿ ಸಮಿತಿ. ಅದು ಶಾಲೆಯ ನಲ್ಲಿಯನ್ನೇ ನಿರ್ವಹಿಸಿಲ್ಲ, ನನ್ನ ಲ್ಯಾಪ್‌ಟಾಪಿನ ಗೋಡೆಚಿತ್ರಕ್ಕೆ ಕೈ ಹಾಕುತ್ತದೆಯೇ? ಪೂರ್ತಿ ಅಳಿಸಿ ಹೊಸದಾಗಿ ಹಾಕುವುದೇ ಸೈ ಎಂದಾಯಿತು.

ನಮ್ಮ ಜಿಲ್ಲೆಯಲ್ಲಿ ಇಂಥ ಸುದ್ದಿ ವೈದ್ಯಕೀಯ ಸುದ್ದಿಯಷ್ಟೇ ಬೇಗ ಹರಡುತ್ತದೆ, ಸಲಹೆಗಳೂ ಅಷ್ಟೇ ಧಾರಾಳ. ಇಂಡಿಯ ಮಾಮಾ ‘ಸೆವೆನ್ ಹಾಕು, ಹಗೂರ ಅದ’ ಎಂದರು. ಅದರ ಸೇವೆ 2020ರ ಜನವರಿ 14ಕ್ಕೇ ನಿಂತಿದೆ ಎಂದರೆ, ‘ಸೇವಾ ನಿಂತರ ಏನಾತು, ಗಾಡಿ ನಿಂತಿಲ್ಲಲಾ’ ಎಂದು ವಾದ. ಹೆಂಡತಿಯ ತವರು ಮುದ್ದೇಬಿಹಾಳ. ಅಲ್ಲಿ ಎಂಜಿನಿಯರಿಂಗ್ ಓದುವ ಅವಳ ಅಣ್ಣನ ಮಗ ವಿಡಿಯೊ ಕಾಲ್ ಮಾಡಿ ಲಿನಕ್ಸ್ ಎಂದ. ಪೆನ್‌ಡ್ರೈವಿನಿಂದಲೇ ಉಬುಂಟು ಓಡಿಸಿಯೂ ತೋರಿಸಿದ. ಏನೂ ಕೇಳದೆ ವೈಫೈ ಬಂತು, ದನಿ ಬಂತು, ಸ್ಕ್ರೀನಿನ ಬೆಳಕು ಹೆಚ್ಚು ಕಡಿಮೆಯಾಯಿತು. ಬಹುಪಾಲು ಡ್ರೈವರುಗಳನ್ನು ಲಿನಕ್ಸ್ ಕರ್ನಲ್ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದಂತೆ. ನನ್ನ ಮನಸ್ಸು ಅಲ್ಲಾಡಿದ್ದು ನಿಜ. ಆದರೆ ನನ್ನ ಹಳೆಯ ಕಡತಗಳೆಲ್ಲ ಕನ್ನಡ ಬೆರಳಚ್ಚಿನ ‘ನುಡಿ’ಯಲ್ಲಿವೆ, ನುಡಿ ಇರುವುದು ವಿಂಡೋಸಿಗೆ. ‘ಅಂಕಲ್, ನುಡಿ ಬಿಡ್ರಿ’ ಎಂದ. ಕನ್ನಡ ಮಾಸ್ತರನಿಗೆ ಈ ಮಾತು ಹೇಳಿ ಬದುಕಿಕೊಂಡವನು ಅವನೊಬ್ಬನೇ.

ಪ್ಯಾಟಿಯ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ ಅಲ್ಲಿಯ ಹುಡುಗ ಭರವಸೆ ತುಂಬಿದ ದನಿಯಲ್ಲಿ, ‘ನಮ್ಮಲ್ಲಿ ಒರಿಜಿನಲ್ ಕ್ರ್ಯಾಕ್ ಹಾಕ್ತೇವ್ರಿ ಸರ, ಡುಪ್ಲಿಕೇಟ್ ಕ್ರ್ಯಾಕ್ ಅಲ್ಲ’ ಎಂದ. ಅದರ ಅಗತ್ಯ ಬೀಳಲಿಲ್ಲ. ವಿಂಡೋಸ್ 8ರ ಕಾಲದಿಂದ ಕಂಪನಿಯೇ ವಿಂಡೋಸ್ ಹಾಕಿ ಮಾರಿದ ಯಂತ್ರಗಳ ಲೈಸೆನ್ಸಿನ ಕೀಲಿ ಮದರ್‌ಬೋರ್ಡಿನಲ್ಲೇ ಹುದುಗಿರುತ್ತದೆ. ಅಳಿಸಿ ಹಾಕಿದರೂ ಇಂಟರ್‌ನೆಟ್ ಕಂಡೊಡನೆ ಅದು ತಾನೇ ಗುರುತು ಹೇಳಿಕೊಳ್ಳುತ್ತದೆ.

ಕೊನೆಗೆ ಕೈ ಹಿಡಿದದ್ದು ಸಿಂದಗಿ. ಅಲ್ಲಿ ಡಿಟಿಪಿ ಮಾಡುವ ಗೆಳೆಯನೊಬ್ಬನ ಬಳಿ ಒಂದು ಪೆನ್‌ಡ್ರೈವಿದೆ. ಅದಕ್ಕೆ ಮುಚ್ಚಳವಿಲ್ಲ, ಮೇಲೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದೆ. ವಿಂಡೋಸ್ 10ರ ಪ್ರತಿಯನ್ನು ರೂಫಸ್ ಎಂಬ ಪುಟ್ಟ ತಂತ್ರಾಂಶದಿಂದ ಅದರೊಳಗೆ ಇಳಿಸಿದ್ದಾನೆ. ಬರೀ ಕಾಪಿ ಮಾಡಿ ಹಾಕಿದರೆ ಯಂತ್ರ ಅದರಿಂದ ಏಳುವುದಿಲ್ಲವಂತೆ. ಪಕ್ಕದಲ್ಲಿ ಅವನು ರಿಪೇರಿ ಮಾಡಿದ ಯಂತ್ರಗಳ ಡ್ರೈವರುಗಳ ಫೋಲ್ಡರುಗಳು: ‘ಇಂಡಿ ಅಡತಿ’, ‘ತಾಳಿಕೋಟಿ ಫೋಟೊ ಸ್ಟುಡಿಯೊ’, ‘ಮುದ್ದೇಬಿಹಾಳ ಕಿರಾಣಿ’, ‘ಹಿಪ್ಪರಗಿ ಡಾಕ್ಟರ್ (ದನದ್ದು)’. ಈ ಪೆನ್‌ಡ್ರೈವು ಮದುವೆಯ ಪತ್ರಿಕೆಯ ಜತೆಗೆ, ಬಸ್ ಕಂಡಕ್ಟರನ ಚೀಲದಲ್ಲಿ, ಒಮ್ಮೆ ಜೋಳದ ರೊಟ್ಟಿಯ ಗಂಟಿನಲ್ಲಿ ತಾಲೂಕಿನಿಂದ ತಾಲೂಕಿಗೆ ಸಂಚರಿಸಿದೆ. ನನ್ನಲ್ಲಿಗೆ ದೇವರ ಹಿಪ್ಪರಗಿ ಮೇಲಿಂದ ಬರುವ ಬಸ್ಸಿನಲ್ಲಿ ಬಂತು. ಹಿಂದೆಯೇ, ಬೇರೆ ಬಸ್ಸಿನಲ್ಲಿ, ಗೆಳೆಯನೂ ಬಂದ. ಪೆನ್‌ಡ್ರೈವನ್ನೇಕೆ ಜೇಬಿನಲ್ಲಿ ತರಲಿಲ್ಲ ಎಂದರೆ, ‘ನಾ ಬಸ್ ತಪ್ಪಿಸ್ಕೋಬಹುದು, ಅದು ತಪ್ಪಿಸ್ಕೋಬಾರದು’ ಎಂದ.

ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಲು ಚಾಲೂ ಮಾಡಿದ ಕೂಡಲೇ ಒಂದು ಕೀಲಿ ಒತ್ತಬೇಕು. ಒಂದು ಕಂಪನಿಗೆ ಎಫ್12, ಇನ್ನೊಂದಕ್ಕೆ ಎಫ್9, ಮತ್ತೊಂದಕ್ಕೆ ಎಸ್ಕೇಪ್. ಗೆಳೆಯ ಯಾವುದಕ್ಕೂ ಇರಲೆಂದು ಹಾರ್ಮೋನಿಯಂ ಪೇಟಿಯ ಮೇಲೆ ಬೆರಳಾಡಿಸಿದ ಹಾಗೆ ಮೇಲಿನ ಸಾಲು ಪೂರ್ತಿ ನುಡಿಸಿದ. ಮುಂದಿನ ಆತಂಕ ಬ್ಯಾಟರಿಯದು. ನಮ್ಮ ಸುತ್ತ ಕೂಡಗಿಯಲ್ಲಿ 2400 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟಿನ ಜಲವಿದ್ಯುತ್ ಕೇಂದ್ರ. ಇಷ್ಟರ ನಡುವೆ ಕೂತ ಈ ಬ್ಯಾಟರಿ ಪ್ಲಗ್ಗು ಕಿತ್ತರೆ ಒಂದು ಆಕಳಿಕೆಯಷ್ಟು ಹೊತ್ತೂ ತಾಳುತ್ತಿರಲಿಲ್ಲ. ಆದ್ದರಿಂದ ಪ್ಲಗ್ಗಿನ ಪಕ್ಕ ಮಗಳನ್ನು ಕಾವಲಿಗೆ ಕೂರಿಸಿ, ಯಾರೂ ಮಿಕ್ಸರ್ ಹಚ್ಚಕೂಡದೆಂದು ಅಡುಗೆಮನೆಗೆ ಸುತ್ತೋಲೆ ಹೊರಡಿಸಿದೆವು. ಆ ದಿನ ಶೇಂಗಾ ಚಟ್ನಿಯನ್ನು ಒರಳಿನಲ್ಲಿ ಕುಟ್ಟಿದ್ದರಿಂದ ಅದರ ರುಚಿಯೇ ಬೇರೆಯಾಗಿತ್ತು.

256 ಜಿಬಿಯ ಡಿಸ್ಕನ್ನು ಬಿಚ್ಚಿ ನೋಡಿದರೆ ಒಳಗೆ ತುಂಡು ತುಂಡು. 500 ಎಂಬಿಯದೊಂದು, 100 ಎಂಬಿಯದೊಂದು, ಕಡೆಗೆ ಬರೀ 16 ಎಂಬಿಯದೂ ಒಂದು. ಐದೇ ತಾಲೂಕಿದ್ದ ನಮ್ಮ ಜಿಲ್ಲೆಯೂ ಬಬಲೇಶ್ವರ, ತಿಕೋಟಾ, ಕೊಲ್ಹಾರ, ನಿಡಗುಂದಿ, ತಾಳಿಕೋಟೆ, ದೇವರ ಹಿಪ್ಪರಗಿ, ಚಡಚಣ, ಆಲಮೇಲ ಎಂದು ಒಡೆದು ಹಂಚಿಹೋಗಿದೆ, ಆದರೆ ಅಲ್ಲಿ ಪ್ರತಿ ತುಂಡಿಗೂ ಒಬ್ಬ ತಹಶೀಲ್ದಾರನಿದ್ದಾನೆ. ಈ 16 ಎಂಬಿಯನ್ನು ಆಳುವವರು ಯಾರೆಂದು ಕೇಳಿದೆ. ‘ಕೇಳಬ್ಯಾಡ್ರಿ, ಅದು ಮೈಕ್ರೋಸಾಫ್ಟ್ ಇನಾಮಿ ಜಮೀನು’ ಎಂದು ಗೆಳೆಯ ಎಲ್ಲವನ್ನೂ ಅಳಿಸಿ ಒಂದು ಮಾಡಿದ. ವಿಂಡೋಸ್ ಮರುಗಳಿಗೆಯೇ ಮತ್ತೆ ತನಗೆ ಬೇಕಾದಂತೆ ಒಡೆದುಕೊಂಡಿತು, ಆ 16 ಎಂಬಿ ಸಮೇತ.

ವಿಂಡೋಸ್ ಕೂರುವುದು ಸುಲಭ. ಊಟ ಮುಗಿಸಿ ಬರುವಷ್ಟರಲ್ಲಿ ನೀಲಿ ಪರದೆಯ ಮೇಲೆ ನಗುತ್ತ ನಿಂತಿತ್ತು. ಆದರೆ ಅದಕ್ಕೆ ಮನೆಯವರ್‍ಯಾರದೂ ಪರಿಚಯವಿರಲಿಲ್ಲ. ದನಿ ಇಲ್ಲ. ಅಕ್ಷರಗಳು ಗೋಡೆಬರಹದಷ್ಟು ದೊಡ್ಡವು. ವೈಫೈಯಂತೂ ಹುಟ್ಟೇ ಇಲ್ಲ. ವೈಫೈ ಡ್ರೈವರು ಸಿಗುವುದು ಇಂಟರ್‌ನೆಟ್ಟಿನಲ್ಲಿ, ಇಂಟರ್‌ನೆಟ್ಟು ಬರಬೇಕಾದರೆ ವೈಫೈ ಬೇಕು. ತಾಲೂಕು ಕಚೇರಿಗಳಲ್ಲಿ ಪಳಗಿದ ನನಗೆ ಇಂಥ ಸುತ್ತು ಹೊಸದಲ್ಲ, ಹಾಗಾಗಿ ಹೆದರಲಿಲ್ಲ. ಗೆಳೆಯ ನನ್ನ ಫೋನಿಗೆ ಕೇಬಲ್ ಹಚ್ಚಿ ಯುಎಸ್‌ಬಿ ಟೆದರಿಂಗ್ ಒತ್ತಿದ. ಫೋನಿನೊಳಗಿನ ನೆಟ್ಟು ಯಾವ ಡ್ರೈವರನ್ನೂ ಕೇಳದೆ ತಂತಿಯಲ್ಲಿ ಹರಿದು ಬಂತು. ಈ ಒಂದು ಕೇಬಲ್ಲಿನ ವಿದ್ಯೆ ಗೊತ್ತಿಲ್ಲದೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಲ್ಯಾಪ್‌ಟಾಪುಗಳು ಸನ್ಯಾಸ ತೆಗೆದುಕೊಂಡಿವೆಯೋ!

ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ತ್ರಿಕೋನ ಹೊತ್ತ ಅನಾಮಧೇಯರ ಸಾಲು. ಯಾರಿವರು? ಪ್ರತಿ ಭಾಗಕ್ಕೂ ಎರಡು ಸಂಖ್ಯೆ ಇರುತ್ತದೆ, ಒಂದು ತಯಾರಕನದು, ಇನ್ನೊಂದು ಆ ಭಾಗದ್ದು. ಇದು ಥೇಟ್ ನಮ್ಮ ಅಡ್ಡಹೆಸರಿನ ಪದ್ಧತಿ. ಮೊದಲ ಸಂಖ್ಯೆ ಅರ್ಧಕ್ಕರ್ಧ ಜನರಿಗೆ 8086 ಎಂದೇ ಇತ್ತು. ಅದು ಇಂಟೆಲ್ ಮನೆತನ. 1978ರಲ್ಲಿ ಬಂದ 8086 ಎಂಬ ಚಿಪ್ಪಿನ ನೆನಪಿಗೆ ಹಿಡಿದುಕೊಂಡ ಸಂಖ್ಯೆ. ಇಂಡಿ ಸಿಂದಗಿಯ ಬಸ್ಸಿನಲ್ಲಿ ‘ಬಿರಾದಾರ ಅವ್ರ’ ಎಂದು ಕೂಗಿದರೆ ಅರ್ಧ ಬಸ್ಸು ಹಿಂದಿರುಗಿ ನೋಡುತ್ತದೆ. ಯಾವ ಬಿರಾದಾರ ಎಂದು ತಿಳಿಯಲು ಎರಡನೆಯ ಸಂಖ್ಯೆ ಬೇಕು. ಗೆಳೆಯ ಒಬ್ಬೊಬ್ಬರದೇ ನಂಬರು ಹಿಡಿದು, ಹುಡುಕಿ, ಅವರವರ ಡ್ರೈವರನ್ನು ಕರೆತಂದ. 10ಇಸಿ ಎಂಬಾತ ರಿಯಲ್‌ಟೆಕ್, ತೈವಾನಿನವನು, ದನಿಯ ಖಾತೆ ಇವನದು. ಇವನು ಬರುವವರೆಗೂ ಲ್ಯಾಪ್‌ಟಾಪು ಮೌನವ್ರತದಲ್ಲಿತ್ತು. ವಿಜಯಪುರದ ಗೋಲಗುಮ್ಮಟದಲ್ಲಿ ಮುಹಮ್ಮದ್ ಆದಿಲಶಾಹ ಮಲಗಿ ಮೂರೂವರೆ ಶತಮಾನ ಕಳೆದರೂ ಒಬ್ಬ ಪಿಸುಗುಟ್ಟಿದ್ದು ಏಳು ಸಲ ಮರಳಿ ಕೇಳುತ್ತದೆ, ಯಾರೂ ಅಪ್‌ಡೇಟ್ ಮಾಡಿದ್ದಿಲ್ಲ.

ಕ್ಯಾಮೆರಾದ ಬಗ್ಗೆ ಮಾತ್ರ ಗೆಳೆಯ ದನಿ ತಗ್ಗಿಸಿ ಎಚ್ಚರ ಹೇಳಿದ. ಕೆಲವು ಮಾದರಿಗಳಲ್ಲಿ ಕ್ಯಾಮೆರಾವನ್ನೇ ತಲೆಕೆಳಗು ಕೂರಿಸಿ, ಡ್ರೈವರಿನಲ್ಲಿ ಚಿತ್ರವನ್ನು ತಿರುಗಿಸಿರುತ್ತಾರೆ. ಒಂದರ ಡ್ರೈವರು ಇನ್ನೊಂದಕ್ಕೆ ಬೀಳಕೂಡದು. ‘ಮನಷ್ಯಾನ್ನ ನೆಟ್ಟಗ ತೋರಸೋದೂ ಸಾಫ್ಟ್‌ವೇರ್ ಕೆಲಸರೀ’ ಎಂದು ನಮ್ಮ ಮುಖಗಳನ್ನು ನೆಟ್ಟಗೆ ತೋರಿಸಿದ.

ಎಲ್ಲ ಆಯಿತೆಂದು ಚಹಾ ಕುಡಿದು, ಬೇರೆ ಕಡೆ ತೆಗೆದಿಟ್ಟಿದ್ದ ಹಳೆಯ ಕಡತಗಳನ್ನು ತೆರೆದೆ. ಬಸವಣ್ಣನ ಮೇಲೆ ನಾನು ಮಾಡಿಟ್ಟುಕೊಂಡ ಪಾಠದ ಟಿಪ್ಪಣಿ. ಪರದೆಯ ತುಂಬ ಟೋಪಿ, ಚುಕ್ಕೆ, ಕೊಂಬು ಧರಿಸಿದ ರೋಮನ್ ಅಕ್ಷರಗಳು! ಹಳೆಯ ನುಡಿಯಲ್ಲಿ ಬೆರಳಚ್ಚು ಮಾಡಿದವರಿಗೆ ಈ ದೃಶ್ಯ ಗೊತ್ತು. ಕನ್ನಡ ಗಣಕ ಪರಿಷತ್ತು ನುಡಿಯನ್ನು ರೂಪಿಸಿ ಸರಕಾರದ ಕಚೇರಿಗಳಿಗೆಲ್ಲ ಕನ್ನಡ ಟೈಪಿಂಗ್ ಕಲಿಸಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನನ್ನ ಬೆರಳಿಗೆ ಬಾಯಿಪಾಠ. ಆದರೆ ಆಗಿನ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಕೂತದ್ದು ರೋಮನ್ ಲಿಪಿಯ ಮತ್ತು ಚಿಹ್ನೆಗಳ ಕುರ್ಚಿಗಳಲ್ಲಿ. ಫಾಂಟು ಇರುವತನಕ ಕನ್ನಡ, ಅದು ಹೋದರೆ ಕುರ್ಚಿಗಳಷ್ಟೇ ಕಾಣುತ್ತವೆ. ‘ನ’ ಇದ್ದಲ್ಲೆಲ್ಲ ಬ್ರಿಟಿಷ್ ಪೌಂಡು. ‘ಪ’ ಇದ್ದಲ್ಲಿ ಜಪಾನಿನ ಯೆನ್. ‘ಲ’ ಇದ್ದಲ್ಲಿ ರಿಜಿಸ್ಟರ್ಡ್ ಟ್ರೇಡ್‌ಮಾರ್ಕ್. ‘ಬ’ ಎಂದರೆ ವಕೀಲರು ಸೆಕ್ಷನ್ನಿಗೆ ಹಾಕುವ ಗುರುತು. ಹೀಗಾಗಿ ‘ಬಸವಣ್ಣನ’ ಎಂಬ ಪದ ಸೆಕ್ಷನ್ನಿನಿಂದ ಶುರುವಾಗಿ ಪೌಂಡಿನ ಬಳಿ ಮುಗಿಯುತ್ತಿತ್ತು. ‘ಬಿ’ ಕಾಪಿರೈಟಿನ ಚಿಹ್ನೆಯಾದ್ದರಿಂದ ಬಿಜ್ಜಳನ ಹೆಸರಿನ ಹಕ್ಕು ಕಾಯ್ದಿರಿಸಲಾಗಿತ್ತು. ಬಿಜ್ಜಳನ ಭಂಡಾರ ನೋಡಿಕೊಂಡವನ ಚರಿತ್ರೆಯಲ್ಲಿ ಇಷ್ಟೊಂದು ವಿದೇಶಿ ಹಣ ಕಂಡು, ದೊರೆಗೆ ಚಾಡಿ ಹೇಳಿದ ಕೊಂಡೆಯ ಮಂಚಣ್ಣನಂಥವರು ಯಾರಾದರೂ ನೋಡಿದರೆ ಏನು ಗತಿ ಎಂದು ಕಡತ ಮುಚ್ಚಿದೆ.

ಮುಂದಿನದು ಮಾಮಾನಿಗಾಗಿ ಬರೆದುಕೊಟ್ಟ ಅರ್ಜಿ. ‘ಲಿ’ಗೆ ಉಷ್ಣಾಂಶದ ಡಿಗ್ರಿ ಗುರುತು. ಹಾಗಾಗಿ ಲಿಂಬೆ ಎಂದಲ್ಲೆಲ್ಲ ನೆತ್ತಿಯ ಮೇಲೆ ಒಂದು ಪುಟ್ಟ ಸೊನ್ನೆ. ನಮ್ಮ ಏಪ್ರಿಲ್ ಮೇ ತಿಂಗಳ ಬಿಸಿಲನ್ನು ನೋಡಿದರೆ ಇದೊಂದು ಗುರುತು ಮಾತ್ರ ಸರಿಯಾದ ಜಾಗದಲ್ಲಿತ್ತು ಎನ್ನಬೇಕು.

ಯುನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ ಮನೆಯಿದೆ, 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಫಾಂಟನ್ನೂ ಹೊತ್ತು ತಂದಿತ್ತು. ಆದರೂ ನಾವು ವರ್ಷಗಟ್ಟಲೆ ಬಾಡಿಗೆಯ ಕುರ್ಚಿಗಳನ್ನು ಬಿಟ್ಟು ಏಳಲಿಲ್ಲ. ಈಗಿನ ನುಡಿ ಯುನಿಕೋಡಿನಲ್ಲೂ ಅದೇ ಕೀಲಿಮಣೆಯಿಂದ ಬರೆಯುತ್ತದೆ, ಹಾಗಾಗಿ ಬೆರಳು ಹೊಸದು ಕಲಿಯಬೇಕಿಲ್ಲ. ಹಳೆಯ ಕಡತ ಬದಲಿಸಿಕೊಳ್ಳದವರ ಸೋಮಾರಿತನಕ್ಕೆ ನಾನು ವಿರೋಧಿ. ನನ್ನವನ್ನು ದಸರಾ ರಜೆಯಲ್ಲಿ ಬದಲಿಸಬೇಕೆಂದಿದ್ದೇನೆ. ಆ ಸಂಜೆಗೆ ಸಾಕಾಗುವಷ್ಟು ಗೆಳೆಯ ಪೆನ್‌ಡ್ರೈವಿನಿಂದ ಹಳೆಯ ಫಾಂಟುಗಳನ್ನು ಸುರಿದ. ಪೌಂಡುಗಳೆಲ್ಲ ನಕಾರಗಳಾದವು. ಬಸವಣ್ಣನವರು ಆರೋಪಮುಕ್ತರಾದರು.

ಹೋಗುವ ಮುಂಚೆ ಅವನು ನನ್ನ ಯಂತ್ರದ ಡ್ರೈವರುಗಳನ್ನೂ ಪೆನ್‌ಡ್ರೈವಿಗೆ ಸೇರಿಸಿಕೊಂಡು ಫೋಲ್ಡರಿಗೆ ‘ಬಾಗೇವಾಡಿ ಸರ್’ ಎಂದು ಹೆಸರಿಟ್ಟ. ಒಳಗೆ ಒಂದು ಟಿಪ್ಪಣಿ, ಸಂಶಯ ಬಂದರೆ ಕೇಳಲೆಂದು ನನ್ನ ಫೋನ್ ನಂಬರು. ಇಷ್ಟು ವರ್ಷ ಮಾಸ್ತರಿಕೆ ಮಾಡಿದರೂ ಸಿಗದ ಜಿಲ್ಲಾಮಟ್ಟದ ಹೆಸರು ಆ ಫೋಲ್ಡರಿನಿಂದ ಬಂತು. ಆಲಮೇಲದಿಂದ ಒಬ್ಬರು ಟಚ್‌ಪ್ಯಾಡಿನ ಬಗ್ಗೆ ಸಲಹೆ ಕೇಳಿದರು. ಚಡಚಣದವರೊಬ್ಬರು ಬ್ಲೂಟೂತ್ ಬಂದುದಕ್ಕೆ ಧನ್ಯವಾದ ಹೇಳಿ, ಮಗಳಿಗೆ ಕನ್ಯಾ ನೋಡಲು ಬರುವವರ ವಿಷಯವನ್ನೂ ಚರ್ಚಿಸಿದರು. ಮೊನ್ನೆ ರಾತ್ರಿ ಮುದ್ದೇಬಿಹಾಳದಿಂದ ಗುರುತಿಲ್ಲದ ನಂಬರಿನ ಫೋನು. ಬಹಳ ಮರ್ಯಾದೆಯ ದನಿ.

‘ನಮಸ್ಕಾರ್ರಿ. ನೀವ ಬಾಗೇವಾಡಿ ಸರ್ ಅಲ್ರಿ? ನಿಮ್ಮ ಫೋಲ್ಡರ್ ನಮ್ಮ ಹುಡುಗನ ಲ್ಯಾಪ್‌ಟಾಪಿಗೆ ಹಾಕೇವ್ರಿ. ದನಿ ಬಂತ್ರಿ, ವೈಫೈ ಬಂತ್ರಿ, ಎಲ್ಲಾ ಬೆಸ್ಟ್ ಐತ್ರಿ. ಕ್ಯಾಮೆರಾದಾಗ ಮಾತ್ರ ಮನಿ ಮಂದಿ ಎಲ್ಲಾ ತಲಿಕೆಳಗ ಆಗಿ ಜೋತಬಿದ್ದಂಗ ಕಾಣಾಕತ್ತೇವ್ರಿ. ಅಲ್ರಿ ಸರ, ಮೀಟಿಂಗ್ ಇದ್ದಾಗ ನೀವು ಹೆಂಗ ಕುಂಡ್ರತೀರಿ?’