ಅರ್ಧ ಒತ್ತಿದವರಿಗೆ ಮಾತ್ರ ಉತ್ತರ: ಶಟರ್ ಬಟನ್ ಜೊತೆ ಕಾಲ್ಪನಿಕ ಸಂದರ್ಶನ

ಹಳೇ ಡಿಜಿಟಲ್ ಕ್ಯಾಮೆರಾಗಳಿಗೆ ಇದ್ದಕ್ಕಿದ್ದಂತೆ ಬೆಲೆ ಬಂದ ಕಥೆ, ಅದರ ಬೆನ್ನಿಗೇ ಬಂದ ರಗಳೆಯ ಕಥೆ ಎರಡೂ ಓದುಗರಿಗೆ ಗೊತ್ತಿದ್ದದ್ದೇ. ‘ಫುಲ್ ವರ್ಕಿಂಗ್, ಶಟರ್ ಕೌಂಟ್ ಕಡಿಮೆ’ ಎಂದು ಮಾರುತ್ತಾರೆ. ಮನೆಗೆ ತಂದು ಒತ್ತಿದರೆ ಕ್ಲಿಕ್ ಇಲ್ಲ. ಫೋನ್ ಮಾಡಿದರೆ ‘ಕೊಡುವಾಗ ಸರಿ ಇತ್ತಲ್ಲ’ ಎನ್ನುತ್ತಾರೆ. ಮಾರಿದವರು, ಕೊಂಡವರು, ರಿಪೇರಿಯವರು ಮೂವರೂ ಬೆರಳು ತೋರಿಸುವುದು ಒಂದೇ ಕಡೆಗೆ, ಶಟರ್ ಬಟನ್ನಿನ ಕಡೆಗೆ. ಉತ್ತರ ಕೊಡುವುದಿಲ್ಲ ಎಂಬುದೇ ಆರೋಪವಾದ್ದರಿಂದ ಆ ಆರೋಪಿಯನ್ನು ಪ್ರಶ್ನೆ ಕೇಳಲು ಯಾರಿಗೂ ತೋಚಿಲ್ಲ. ಮುಂಬೈಯ ಪವಾಯಿ ಕೆರೆಯ ದಂಡೆಯಲ್ಲಿ, ಮೊಸಳೆ ತಲೆ ಎತ್ತುವುದನ್ನೇ ಕಾಯುತ್ತಿರುವ ಲೆನ್ಸುಗಳ ನಡುವೆ ಈ ಸಂದರ್ಶನ. ಮದುವೆ ಫೋಟೋಗ್ರಾಫರೊಬ್ಬರ ಕೈಯಲ್ಲಿ ದುಡಿದು ಬಂದ ಬಟನ್ ಇದು. ಮಾತಿನಲ್ಲಿ ಕರಾವಳಿಯ ವಾಸನೆ ಇದೆ; ತಿದ್ದಿಲ್ಲ.

ಪ್ರಶ್ನೆ: ನೇರವಾಗಿಯೇ ಕೇಳುತ್ತೇನೆ. ಒತ್ತಿದರೂ ಸುಮ್ಮನಿರುತ್ತೀರಲ್ಲ, ಏಕೆ?

ಬಟನ್: ಒತ್ತುವುದು ಹೇಗೆಂದು ಗೊತ್ತುಂಟಾ ಮಾರಾಯ್ರೇ ನಿಮಗೆ? ನನಗೆ ಎರಡು ಮೆಟ್ಟಿಲು. ಅರ್ಧ ಒತ್ತಿದರೆ ಕ್ಯಾಮೆರಾ ಬೆಳಕು ಅಳೆದು ಫೋಕಸ್ ಹುಡುಕುತ್ತದೆ, ಪೂರ್ತಿ ಒತ್ತಿದರೆ ಕ್ಲಿಕ್. ಮೊಬೈಲ್ ಗಾಜು ತಟ್ಟಿ ಅಭ್ಯಾಸವಾದವರು ಕರೆಗಂಟೆ ಬಾರಿಸಿದ ಹಾಗೆ ಒಂದೇ ಗುದ್ದು ಗುದ್ದುತ್ತಾರೆ. ಫೋಕಸ್ ಸಿಗದಿದ್ದರೆ ಚಿತ್ರ ತೆಗೆಯಬೇಡ ಎಂದು ಕ್ಯಾಮೆರಾಕ್ಕೆ ಕಾರ್ಖಾನೆಯಲ್ಲೇ ಕಲಿಸಿರುತ್ತಾರೆ. ಬಿಳೀ ಗೋಡೆ, ಕತ್ತಲೆ ಹಾಲ್, ತೀರಾ ಹತ್ತಿರ ಹಿಡಿದ ಹೂವು, ಇವುಗಳ ಎದುರು ಲೆನ್ಸ್ ಗುಂಯ್‌ಗುಟ್ಟುತ್ತಾ ಹಿಂದೆ ಮುಂದೆ ಓಡಿ ಸೋಲುತ್ತದೆ. ಸೋತದ್ದು ಲೆನ್ಸ್, ಬೈಗುಳ ನನಗೆ. ಮೆಮರಿ ಕಾರ್ಡಿನ ಪಕ್ಕದ ಪುಟಾಣಿ ಲಾಕ್ ಜಾರಿದ್ದರೂ ನನಗೆ, ಕಾರ್ಡೇ ಹಾಕದಿದ್ದರೂ ನನಗೆ, ಲೆನ್ಸ್ ಪೂರ್ತಿ ತಿರುಗಿ ಕೂತಿರದಿದ್ದರೂ ನನಗೆ. ಹಳೇ ಯಜಮಾನರು ಫೋಕಸ್ ಕೆಲಸವನ್ನು ಹಿಂಬದಿಯ ಬಟನ್ನಿಗೆ ವರ್ಗ ಮಾಡಿ, ಹೇಳದೆ ಮಾರಿ ಹೋಗಿರುತ್ತಾರೆ. ಹೊಸಬರು ನನ್ನನ್ನು ಎಷ್ಟು ಅರ್ಧ ಒತ್ತಿದರೂ ಫೋಕಸ್ ಎಲ್ಲಿಂದ ಬರಬೇಕು? ಆ ಅಧಿಕಾರವೇ ನನ್ನಲ್ಲಿಲ್ಲ.

ಆರೋಪಿ ತನ್ನ ಪರ ವಾದಿಸುವುದು ಸಹಜ, ಸಾಕ್ಷಿ ಬೇಕು. ಸಾಕ್ಷಿ ಸಿಗುವುದು ಕಷ್ಟವೂ ಅಲ್ಲ. ಸೆಟ್ಟಿಂಗುಗಳನ್ನೆಲ್ಲ ರೀಸೆಟ್ ಮಾಡಿ, ತುಂಬಿದ ಬ್ಯಾಟರಿ, ಖಾಲಿ ಕಾರ್ಡ್ ಹಾಕಿ, ಫೋಕಸನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ ಒತ್ತಬೇಕು. ಆಗ ಒತ್ತಿದಾಗಲೆಲ್ಲ ಕ್ಲಿಕ್ ಆದರೆ ಬಟನ್ ಬಹುಮಟ್ಟಿಗೆ ನಿರ್ದೋಷಿ. ಆಗದಿದ್ದರೆ ರಿಮೋಟ್ ಕೇಬಲ್ ಸಿಕ್ಕಿಸಬೇಕು. ಅದು ಬಟನ್ನನ್ನು ಬದಿಗಿಟ್ಟು ಒಳಗಿನ ಬೋರ್ಡಿಗೇ ಆಜ್ಞೆ ಕೊಡುತ್ತದೆ. ರಿಮೋಟಿಗೆ ಓಗೊಟ್ಟ ಕ್ಯಾಮೆರಾ ಬೆರಳಿಗೆ ಓಗೊಡದಿದ್ದರೆ ಮಾತ್ರ ತಪ್ಪು ಬಟನ್ನಿನದು. ಎರಡಕ್ಕೂ ಜಪ್ಪಯ್ಯ ಎನ್ನದಿದ್ದರೆ ರೋಗ ಇನ್ನೂ ಒಳಗಿದೆ. ಸೆಲ್ಫ್ ಟೈಮರ್ ಇಟ್ಟು ಪರೀಕ್ಷಿಸುವ ಜಾಣರೂ ಇದ್ದಾರೆ. ಟೈಮರ್ ಶುರುವಾಗುವುದೂ ಇದೇ ಬಟನ್ ಒತ್ತಿದ ಮೇಲೆ, ಹಾಗಾಗಿ ಆ ಸಾಕ್ಷಿ ನಿಲ್ಲುವುದಿಲ್ಲ.

ಪ್ರಶ್ನೆ: ಫೋಕಸ್ ಹುಡುಕುತ್ತಲೇ ಇದ್ದು ಕ್ಲಿಕ್ ಮಾಡದ ಸಂಸ್ಥೆ ಇನ್ನೊಂದಿದೆ. ಎದುರಿನ ಕೆರೆ ನೋಡಿ. ನಗರಕ್ಕೆ ನೀರು ಕೊಡಲೆಂದು 1891ರ ಹೊತ್ತಿಗೆ ಕಟ್ಟಿದ್ದು. ಈಗ ಕುಡಿಯುವಂತಿಲ್ಲ, ನೀರಿಗಿಂತ ಅಂತರಗಂಗೆಯೇ ಕಣ್ಣಿಗೆ ಕಾಣುವುದು. ಪಾಲಿಕೆ ಇದರ ದಂಡೆಗೆ ಸೈಕಲ್ ಪಥ ಹಾಕಲು ಹೊರಟು, 2022ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟಿನಿಂದ ಕಾನೂನುಬಾಹಿರ ಎನಿಸಿಕೊಂಡಿತು. ಅದೇ ವರ್ಷ ಮಾರ್ಚ್ 7ಕ್ಕೆ ಪಾಲಿಕೆಯ ಅವಧಿಯೂ ಮುಗಿದು, ಮೂರು ವರ್ಷಕ್ಕೂ ಹೆಚ್ಚು ಕಾಲ ವಾರ್ಡಿಗೊಬ್ಬ ನಗರಸೇವಕನೂ ಇರಲಿಲ್ಲ. ಅಷ್ಟೂ ದಿನ ಒತ್ತಲು ಸಿಗದೇ ಹೋದ ಮತಯಂತ್ರದ ಬಟನ್ ನಿಮ್ಮ ಬಂಧುವೇ ತಾನೇ?

ಬಟನ್: ಅವರದ್ದು ಬೇರೆ ಕುಲ. ಅವರಿಗೆ ಅರ್ಧ ಒತ್ತುವ ಕ್ರಮವೇ ಇಲ್ಲ. ನಾನು ಹೇಳಬೇಕೆಂದಿದ್ದದ್ದು ಶಟರ್ ಕೌಂಟಿನ ವಿಷಯ. ಒಂದು ಲಕ್ಷ, ಒಂದೂವರೆ ಲಕ್ಷ ಕ್ಲಿಕ್ ಎಂದು ಕಂಪನಿ ಆಯುಸ್ಸು ಬರೆಯುವುದು ಒಳಗಿನ ಶಟರ್ ಪರದೆಗೆ, ನನಗಲ್ಲ. ಮಾಟುಂಗದಲ್ಲಿ ಯಕ್ಷಗಾನ ಎಂದಿಟ್ಟುಕೊಳ್ಳಿ. ವೇಷ ಗಿರಕಿ ಹೊಡೆಯುವಾಗ ಅರ್ಧ ಒತ್ತಿ, ಬಿಟ್ಟು, ಮತ್ತೆ ಅರ್ಧ ಒತ್ತಿ, ಕೊನೆಗೆ ಒಂದು ಕ್ಲಿಕ್. ಲೆಕ್ಕಕ್ಕೆ ಹೋಗುವುದು ಆ ಒಂದೇ. ಇನ್ನು ಕೌಂಟ್ ಕಡಿಮೆ ಇದ್ದರೆ ಕ್ಯಾಮೆರಾ ಒಳ್ಳೆಯದೆಂದು ಹೇಳಿದವರು ಯಾರು? ನನ್ನ ಕೆಳಗೆ ಉಗುರಿಗಿಂತ ಸಣ್ಣ ಲೋಹದ ಎಲೆಗಳುಂಟು, ಒಂದರ ಮೇಲೊಂದು. ಮೊದಲೆರಡು ತಾಗಿದರೆ ಫೋಕಸ್, ಮೂರನೆಯದಕ್ಕೂ ತಾಗಿದರೆ ಕ್ಲಿಕ್. ಕಪಾಟಿನಲ್ಲಿ ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಮುಂಬೈ ಮಳೆಗಾಲದ ತೇವಕ್ಕೆ ಆ ಎಲೆಗಳ ಮೇಲೆ ಕಿಲುಬಿನ ಪೊರೆ ಕಟ್ಟುತ್ತದೆ. ಕಡಿಮೆ ದುಡಿದವನೇ ಬೇಗ ಕೆಡುವುದೂ ಉಂಟು.

ಪ್ರಶ್ನೆ: ಲೆನ್ಸಿನ ಫಂಗಸ್? ಅಂಟಂಟಾಗುವ ರಬ್ಬರ್ ಹಿಡಿ?

ಬಟನ್: ಅದನ್ನು ಅವರನ್ನೇ ಕೇಳಿ.

‘ಸೆಕೆಂಡ್ ಹ್ಯಾಂಡ್ ಮಾಲು, ನೋಡಿ ಕೊಳ್ಳಬೇಕಿತ್ತು’ ಎನ್ನುವವರಿಗೆ ಎಲೆಗಳ ಮೇಲಿನ ಆ ಕಿಲುಬೇ ಉತ್ತರ. 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ಅವರ ಬೆನ್ನಿಗಿದೆ, ಒಪ್ಪೋಣ. ಆದರೆ ಕಿಲುಬು ಹಿಡಿದ ಸ್ವಿಚ್ ಒಮ್ಮೆ ತಾಗುತ್ತದೆ, ಒಮ್ಮೆ ತಾಗುವುದಿಲ್ಲ. ಕೊಳ್ಳುವಾಗ ನಾಲ್ಕು ಸಲ ಒತ್ತಿ ನಾಲ್ಕೂ ಸಲ ಕ್ಲಿಕ್ ಎಂದದ್ದು ಐದನೆಯ ಸಲ ಕೈಕೊಡಬಹುದು. ಮಾರಿದವರ ‘ಸರಿ ಇತ್ತಲ್ಲ’ ಎಂಬುದೂ ಹಾಗಾಗಿ ಎಷ್ಟೋ ಸಲ ಪೂರ್ತಿ ಸುಳ್ಳಲ್ಲ. ಜಗಳ ಇಬ್ಬರು ಬಡಪಾಯಿಗಳ ನಡುವೆಯೇ ಮುಗಿಯುತ್ತದೆ; ಮೂರನೆಯವರು, ಅಂದರೆ ತಯಾರಿಸಿದವರು, ಚಿತ್ರದ ಚೌಕಟ್ಟಿಗೇ ಬರುವುದಿಲ್ಲ.

ಪ್ರಶ್ನೆ: ಅಂತೂ ಕೆಲವೊಮ್ಮೆ ತಪ್ಪು ನಿಮ್ಮದೇ. ಮದ್ದು?

ಬಟನ್: ಐಸೊಪ್ರೊಪೈಲ್ ಆಲ್ಕೋಹಾಲಿನ ಒಂದು ಹನಿ, ಗೊತ್ತಿರುವ ಒಂದು ಕೈ. ಬಾಗಿಲಿನ ತಿರುಗಣಿಗೆ ಹೊಡೆಯುವ ಎಣ್ಣೆ ಸ್ಪ್ರೇ ಮಾತ್ರ ಬೇಡ, ಅದು ಲೆನ್ಸ್‌ವರೆಗೂ ಹರಿಯುತ್ತದೆ. ನೀವೇ ಸ್ಕ್ರೂ ಬಿಚ್ಚುವುದೂ ಬೇಡ. ಫ್ಲ್ಯಾಶ್ ಇರುವ ಕ್ಯಾಮೆರಾದ ಕೆಪಾಸಿಟರಿನಲ್ಲಿ ಬ್ಯಾಟರಿ ತೆಗೆದ ಮೇಲೂ ಸುಮಾರು 300 ವೋಲ್ಟ್ ಉಳಿದಿರಬಹುದು. ಎಲೆಯೇ ಮುರಿದಿದ್ದರೆ ನನ್ನನ್ನು ಬದಲಿಸಬೇಕು. ಅಲ್ಲಿಗೆ ನನ್ನ ಕಥೆ ಮುಗಿಯಿತು, ಕಂಪನಿಯ ಕಥೆ ಶುರುವಾಯಿತು.

ಇಲ್ಲಿ ತಮಾಷೆ ಸಾಕು. ಕ್ಯಾಮೆರಾದಲ್ಲಿ ಎಲ್ಲಕ್ಕಿಂತ ಹೆಚ್ಚು ಒತ್ತಿಸಿಕೊಳ್ಳುವ ಭಾಗ ಇದು. ಸವೆಯುತ್ತದೆಂದು ವಿನ್ಯಾಸ ಮಾಡಿದವರಿಗೆ ಮೊದಲ ದಿನವೇ ಗೊತ್ತು. ಆದರೂ ಅನೇಕ ಮಾದರಿಗಳಲ್ಲಿ ಇದನ್ನು ಬಿಡಿಯಾಗಿ ಕೊಡುವುದಿಲ್ಲ, ಮೇಲ್ಭಾಗದ ಕವರ್ ಸಮೇತವೇ ಕೊಳ್ಳಬೇಕು. ಫೋರ್ಟಿನ ಬೋರಾ ಬಜಾರಿನ ರಿಪೇರಿಯವರ ಬಳಿ ಕೈಚಳಕವಿದೆ, ಸೂಕ್ಷ್ಮ ಕಣ್ಣಿದೆ. ಇಲ್ಲದಿರುವುದು ಸರ್ವಿಸ್ ಮ್ಯಾನ್ಯುಯಲ್ ಮತ್ತು ಬಿಡಿಭಾಗ, ಹಾಗಾಗಿ ಸತ್ತ ಕ್ಯಾಮೆರಾದ ಒಡಲಿನಿಂದ ಕಿತ್ತು ಬದುಕಿದ್ದಕ್ಕೆ ಜೋಡಿಸಬೇಕು. ತೇವ, ದೂಳು ಒಳಗೆ ಹೋಗದಂತೆ ಇಡಿಯಾಗಿ ಕಟ್ಟಲೇಬೇಕು ಎಂಬುದು ಕಂಪನಿಗಳ ವಾದ. ಕಟ್ಟಲಿ, ಬಿಚ್ಚಿ ಮತ್ತೆ ಕಟ್ಟುವ ಕ್ರಮವನ್ನೂ, ಒಳಗಿನ ಸ್ವಿಚ್ಚನ್ನೂ ಮಾರಲಿ. ಮಾರುಕಟ್ಟೆಯೇ ಕುಸಿದಿರುವಾಗ ಹಳೇ ಬಿಡಿಭಾಗ ದಾಸ್ತಾನು ಮಾಡುವುದು ಹೇಗೆ ಎಂಬುದು ಇನ್ನೊಂದು ವಾದ. ಜಪಾನಿನ ತಯಾರಕರ ಸಂಘದ ಲೆಕ್ಕದಲ್ಲಿ 2010ರಲ್ಲಿ 12 ಕೋಟಿ ದಾಟಿದ್ದ ಕ್ಯಾಮೆರಾ ರವಾನೆ 2023ರಲ್ಲಿ 80 ಲಕ್ಷವನ್ನೂ ಮುಟ್ಟಲಿಲ್ಲ, ನಿಜ. ಆದರೆ ಈಗ ಕೈಯಿಂದ ಕೈಗೆ ಹೋಗುತ್ತಿರುವುದು ಆ ಸುಗ್ಗಿಯ ಕಾಲದಲ್ಲಿ ಅವರೇ ಮಾರಿ ಲಾಭ ಎಣಿಸಿಕೊಂಡ ಮಾಲು. ದಾಸ್ತಾನು ಇಡಲಾಗದಿದ್ದರೆ ನಕ್ಷೆಯನ್ನಾದರೂ ಬಹಿರಂಗ ಮಾಡಬಹುದಲ್ಲ? 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ದುರಸ್ತಿ ಹಕ್ಕಿಗೆಂದು ಸಮಿತಿ ಮಾಡಿ ಕೃಷಿ ಯಂತ್ರ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ವಸ್ತು, ವಾಹನ ಎಂಬ ನಾಲ್ಕು ವಲಯ ಗುರುತಿಸಿತು. ಕ್ಯಾಮೆರಾ ಆ ನಾಲ್ಕರಲ್ಲಿ ಯಾವುದರ ಮೂಲೆಯಲ್ಲಿ ನಿಲ್ಲಬೇಕೋ! ಇದು ಶೋಕಿಯವರ ಗೋಳೆಂದು ತಳ್ಳಿಹಾಕುವವರು ಒಂದನ್ನು ಯೋಚಿಸಲಿ. ಮದುವೆ, ಪೂಜೆ, ಸಂಘದ ವಾರ್ಷಿಕೋತ್ಸವಗಳ ಫೋಟೋ ತೆಗೆದು ಹೊಟ್ಟೆ ಹೊರೆಯಲು ಹೊರಟವನ ಮೊದಲ ಬಂಡವಾಳ ಇಂಥದೇ ಹಳೇ ಕ್ಯಾಮೆರಾ. ಧಾರೆ ಎರೆಯುವ ಹೊತ್ತಿಗೆ ಬಟನ್ ಕೈಕೊಟ್ಟರೆ ಅವನ ಆ ದಿನದ ಕೂಲಿ ಹೋಯಿತು, ಆ ಬಳಗದಲ್ಲಿ ಅವನ ಹೆಸರೂ ಹೋಯಿತು. ಒಂದು ಚೂರು ತಗಡನ್ನು ಬಿಡಿಯಾಗಿ ಮಾರದವರ ಹೆಸರಿಗೆ ಮಾತ್ರ ಏನೂ ಆಗುವುದಿಲ್ಲ.

ಪ್ರಶ್ನೆ: ಈಗಂತೂ ಎಲ್ಲರ ಕೈಯಲ್ಲೂ ಮೊಬೈಲ್. ನಿಮ್ಮ ಕಾಲ ಮುಗಿಯಿತು ಎನ್ನುವವರಿಗೆ?

ಬಟನ್: 2024ರಲ್ಲಿ ಬಂದ ಐಫೋನ್ 16ರ ಬದಿ ಸವರಿ ನೋಡಿ. ಕ್ಯಾಮೆರಾಕ್ಕೆಂದೇ ಒಂದು ಬಟನ್ ಇಟ್ಟಿದ್ದಾರೆ, ಹಗುರ ಒತ್ತಿದರೆ ಒಂದು ಕೆಲಸ, ಜೋರಾಗಿ ಒತ್ತಿದರೆ ಇನ್ನೊಂದು. ನನ್ನ ವಿದ್ಯೆಗೆ ಹೊಸ ರೇಟು.

ಪ್ರಶ್ನೆ: ಕೊನೆಯದಾಗಿ, ಕೆರೆಯ ಅಂತರಗಂಗೆ ತೆಗೆಯುವ ಬಗ್ಗೆ ಪಾಲಿಕೆಗೆ...

ಬಟನ್: ಇಷ್ಟು ಹೊತ್ತು ಮಾತಾಡಿಸಿದಿರಿ, ಒಮ್ಮೆಯಾದರೂ ಕಾರ್ಡಿನ ಲಾಕ್ ತೆಗೆದು ನೋಡಿದಿರಾ?